ಜಾಡಿಯ ಗಸಿ, ಗೌಡರ ತಿಪ್ಪೆ

ನಮ್ಮ ಮನೆಯಲ್ಲಿ ಯಾವ ಪಾತ್ರೆಯ ತಳದಲ್ಲಿ ಏನು ಉಳಿದರೂ ಅದನ್ನು ಚೆಲ್ಲುವ ಮುಂಚೆ ನನ್ನ ಹೆಂಡತಿ ಗಿರಿಜಾ ಒಮ್ಮೆ ನನ್ನ ಮುಖ ನೋಡುತ್ತಾಳೆ. ಎಣ್ಣೆ ಡಬ್ಬಿಯ ಗಸಿ ಇರಲಿ, ಕಾಫಿಯ ಚರಟ ಇರಲಿ, ಹುಣಸೆಹಣ್ಣು ಕಿವುಚಿದ ಮೇಲೆ ಉಳಿಯುವ ನಾರು ಇರಲಿ, "ಇದನ್ನ ಎಲ್ಲಿ ಹಾಕ್ಲಿ, ಹೇಳ್ರಿ. ಈ ವಿಷಯದಾಗೆ ನಿಮಗಿಂತ ತಿಳಿದೋರು ಊರಾಗೆ ಯಾರದಾರೆ?" ಎನ್ನುತ್ತಾಳೆ. ಬಂದ ನೆಂಟರ ಎದುರಿಗೂ ಹೀಗೇ. ಅವರು ಪಾಪ, ನಾನೇನೋ ಗೊಬ್ಬರದ ಇಲಾಖೆಯಲ್ಲಿದ್ದೆ ಅಂದುಕೊಳ್ಳುತ್ತಾರೆ. ನಾನಿದ್ದದ್ದು ಯಂತ್ರಗಳ ಕಾರ್ಖಾನೆಯಲ್ಲಿ. ಆದರೆ ಅವಳು ಹೇಳುವುದರಲ್ಲಿ ಸುಳ್ಳಿಲ್ಲ. ಒಂದು ಜಾಡಿಯ ತಳದ ಗಸಿಯನ್ನು ಯಾರ ಕಣ್ಣಿಗೂ ಬೀಳದ ಹಾಗೆ ಎಲ್ಲಿ ಚೆಲ್ಲುವುದು ಅನ್ನುವುದೇ ಒಂದು ಕಾಲಕ್ಕೆ ನನ್ನ ಬದುಕಿನ ದೊಡ್ಡ ಚಿಂತೆಯಾಗಿತ್ತು.

ಮೊನ್ನೆ ಅಟ್ಟ ಗುಡಿಸುವಾಗ ಆ ಜಾಡಿ ಕೆಳಗಿಳಿಯಿತು. ಪಿಂಗಾಣಿಯದು, ಕುತ್ತಿಗೆ ಕಂದು, ಹೊಟ್ಟೆ ಬಿಳಿ. ಮದುವೆಯಾದಂದಿನಿಂದ ಗಿರಿಜಾ ಅದರಲ್ಲಿ ಹಾಕಿದ್ದು ಮಾವಿನಕಾಯಿ ಉಪ್ಪಿನಕಾಯಿ ಒಂದೇ. ಆದರೂ ಮುಚ್ಚಳ ತೆಗೆದು ಮೂಗಿಟ್ಟರೆ ನನಗೆ ಬಂದದ್ದು ಬಿಯರಿನ ವಾಸನೆ. ನಗಬೇಡಿ. ಮೂಗಿಗೆ ವಯಸ್ಸಾಗುವುದಿಲ್ಲ ಎಂದು ಕಾಣುತ್ತದೆ. ಉಳಿದದ್ದಕ್ಕೆಲ್ಲ ಆಗಿದೆ.

ಐವತ್ತರ ದಶಕದ ಮಾತು. ನಾನು ದಾವಣಗೆರೆ ಕಡೆಯವನು. ನಮ್ಮದು ಬೆಳಿಗ್ಗೆ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದ ಮನೆ. ಹೋಮಿಯೋಪತಿ ಗುಳಿಗೆಗೆ ಸ್ಪಿರಿಟ್ ಸೇರಿಸುತ್ತಾರೆ ಅಂತ ಯಾರೋ ಅಂದರೆಂದು ನಮ್ಮಪ್ಪ ಇಡೀ ಡಬ್ಬಿಯನ್ನು ಡಾಕ್ಟರಿಗೆ ವಾಪಸು ಕಳಿಸಿ, ಕೆಮ್ಮುತ್ತಲೇ ಚಳಿಗಾಲ ಕಳೆದವರು. ಅಂಥವರ ಮಗನನ್ನು ಕಾರ್ಖಾನೆಯವರು ತರಬೇತಿಗೆಂದು ಜರ್ಮನಿಗೆ ಕಳಿಸಿದರು. ಅಲ್ಲಿ ನನಗೆ ಕೋಣೆ ಕೊಟ್ಟಿದ್ದು ಒಬ್ಬ ಮುದುಕ. ಅವನ ಮಗ ಯುದ್ಧಕ್ಕೆ ಹೋದವನು ಮರಳಿರಲಿಲ್ಲ. ಅವನ ಭಾಷೆ ನನಗೆ ಬಾರದು, ನನ್ನದು ಅವನಿಗೆ ಬಾರದು. ಸಂಜೆ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆ ಇಟ್ಟು ತಾನೇ ಬಿಯರ್ ಮಾಡುತ್ತಿದ್ದ, ನನ್ನ ಕೈಗೆ ಸೌಟು ಕೊಟ್ಟು ತಿರುವಿಸುತ್ತಿದ್ದ. ಆಮೇಲೆ ಇಬ್ಬರೂ ಒಂದೊಂದು ಲೋಟ ಹಿಡಿದು ಮಾತಿಲ್ಲದೆ ಕೂರುತ್ತಿದ್ದೆವು. ಕುಡಿದದ್ದಕ್ಕಿಂತ ಕೂತದ್ದು ನನಗೆ ಹಿತವಾಗುತ್ತಿತ್ತು. ಬಿಸಿ ಬ್ರೆಡ್ಡೂ ನೆನೆದ ಹುಲ್ಲೂ ಸೇರಿದ ಹಾಗಿನ ಆ ವಾಸನೆ ಬಂದರೆ, ಪರದೇಶದಲ್ಲಿ ನನಗೂ ಒಂದು ಮನೆ ಇದೆ ಅನ್ನಿಸುತ್ತಿತ್ತು.

ವಾಪಸು ಬಂದಮೇಲೆ ರಾಜಾಜಿನಗರದಲ್ಲಿ ಬಾಡಿಗೆಗೆ ಸೇರಿಕೊಂಡೆ. ಈಗಿನ ರಾಜಾಜಿನಗರ ನೆನೆಸಿಕೊಳ್ಳಬೇಡಿ. ಆಗ ಅಲ್ಲಿ ಮನೆಗಿಂತ ಸೈಟಿನ ಕಲ್ಲೇ ಹೆಚ್ಚು. ಸುಣ್ಣ ಬಳಿದ ಕಲ್ಲುಗಳು ಬಯಲ ತುಂಬ ನಿಂತಿರುತ್ತಿದ್ದವು. ಭಾನುವಾರ ಬಂತೆಂದರೆ ಪೇಟೆಯಿಂದ ಗಂಡಹೆಂಡತಿಯರು ಬಂದು ಕಲ್ಲಿನಿಂದ ಕಲ್ಲಿಗೆ ಹೆಜ್ಜೆ ಹಾಕಿ "ಇಲ್ಲಿ ಹಾಲ್, ಇಲ್ಲಿ ಅಡುಗೆಮನೆ" ಎಂದು ಗಾಳಿಯಲ್ಲೇ ಗೋಡೆ ಎಬ್ಬಿಸಿ ಹೋಗುತ್ತಿದ್ದರು. ನಾನಿದ್ದದ್ದು ಮುನಿಗೌಡರ ಹಿತ್ತಲಿನ ಒಂದು ಕೋಣೆ, ಒಂದು ಬಚ್ಚಲಿನ ಮನೆಯಲ್ಲಿ. ಗೌಡರ ಹೊಲಗಳೆಲ್ಲ ಸೈಟುಗಳಾಗಿ ಹೋಗಿದ್ದವು. ಉಳಿದಿದ್ದು ಊರಮನೆ, ಹಿತ್ತಲು, ಒಂದು ಜೊತೆ ಎತ್ತು ಮತ್ತು ತಿಪ್ಪೆ.

ಹೊಲ ಇಲ್ಲದವರಿಗೆ ತಿಪ್ಪೆ ಯಾಕೆ ಎಂದು ನಾನೊಮ್ಮೆ ಕೇಳಿದ್ದೆ. "ಹೊಲ ಸರ್ಕಾರದ್ದಪ್ಪಾ, ಕೇಳಿದ್ರು ಕೊಟ್ವಿ. ತಿಪ್ಪೆ ನಮ್ಮಪ್ಪಂದು" ಅಂದರು. ವರ್ಷಕ್ಕೊಮ್ಮೆ ಗಾಡಿ ಕಟ್ಟಿ ಗೊಬ್ಬರವನ್ನು ಬ್ಯಾಡರಹಳ್ಳಿಯ ತಮ್ಮನ ಹೊಲಕ್ಕೆ ಹೊಡೆಯುತ್ತಿದ್ದರು. ಬದಲಿಗೆ ರಾಗಿ ಬರುತ್ತಿತ್ತು. ದೀಪಾವಳಿಯಲ್ಲಿ ಮನೆಯ ಹೊಸ್ತಿಲಿಗೆ ಒಂದು ದೀಪ, ತಿಪ್ಪೆಗೆ ಒಂದು ದೀಪ. ಅದನ್ನು ಹಚ್ಚುವವರು ಗೌಡರ ಹೆಂಡತಿ ಕೆಂಪಮ್ಮ. ತಿಪ್ಪೆ ಹೋಗಿ ಉಪ್ಪರಿಗೆ ಆಗುತ್ತದೆ ಅನ್ನುತ್ತಾರಲ್ಲ, ಅದು ಅಲ್ಲಿ ನಿಜವೇ ಆಯಿತು. ಈಗ ಆ ಜಾಗದಲ್ಲಿ ಮೂರಂತಸ್ತು ಎದ್ದಿದೆ.

ಕೆಂಪಮ್ಮನವರಿಗೆ ಮಕ್ಕಳಿರಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಬಿಯರಿಗಿಂತ ಅದು ಮುಖ್ಯ. ಆಕೆ ಅದನ್ನು ಯಾರ ಹತ್ತಿರವೂ ಆಡಿಕೊಂಡವರಲ್ಲ. ಆದರೆ ಬೀದಿಯಲ್ಲಿ ಯಾರ ಕೂಸು ಅತ್ತರೂ ಆಕೆಯ ಕೈಕೆಲಸ ನಿಲ್ಲುತ್ತಿತ್ತು. ಅಳು ನಿಂತ ಮೇಲೆಯೇ ಮುದ್ದೆ ತಿರುವುವುದು ಮುಂದುವರಿಯುತ್ತಿತ್ತು.

ಇನ್ನು ನನ್ನ ಸಾಹಸಕ್ಕೆ ಬರೋಣ. ಕಾರ್ಖಾನೆಯಿಂದ ಬಂದರೆ ಸಂಜೆ ಮುಗಿಯುತ್ತಲೇ ಇರಲಿಲ್ಲ. ಗೋಡೆ, ಲಾಟೀನು, ನಾನು. ಒಂದು ದಿನ ಇದ್ದಕ್ಕಿದ್ದಂತೆ, ಬಿಯರ್ ಯಾಕೆ ಮಾಡಬಾರದು ಅನ್ನಿಸಿತು. ಅದಕ್ಕೆ ಮೊಳಕೆ ಬಂದ ಬಾರ್ಲಿ ಬೇಕು. ಅಂಗಡಿಯಲ್ಲಿ ಸಿಗುವ ಬಾರ್ಲಿ ರೋಗಿಗಳ ಗಂಜಿಗೆ ಅಂತ ಸಿಪ್ಪೆ ತೆಗೆದದ್ದು. ನೆನೆಸಿ ಕಟ್ಟಿಟ್ಟರೆ ಮೊಳಕೆ ಬರಲಿಲ್ಲ, ಹುಳ ಬಂತು. ಸರಿ, ರಾಗಿಯ ಊರಿನಲ್ಲಿ ರಾಗಿಯೇ ಆಗಲಿ ಎಂದು ಕೆಂಪಮ್ಮನವರ ಹತ್ತಿರವೇ ರಾಗಿ ಕೊಂಡು, ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದೆ. ಅದನ್ನು ಅಂಗಳದಲ್ಲಿ ಒಣಗಿಸಿ, ಅವರ ಒರಳಲ್ಲೇ ತರಿಯಾಗಿ ಕುಟ್ಟಿದೆ. ಕಹಿಗೆ ಜರ್ಮನಿಯಲ್ಲಿ ಒಂದು ಜಾತಿಯ ಹೂವು ಹಾಕುತ್ತಿದ್ದರು. ಇಲ್ಲಿ ಗ್ರಂಧಿಗೆ ಅಂಗಡಿಗೆ ಹೋಗಿ "ಕಹಿ ಏನಿದೆ?" ಎಂದೆ. "ಜ್ವರಕ್ಕಾ ಸ್ವಾಮಿ?" ಅಂದ. ಹೌದು ಅಂದೆ. ನೆಲಬೇವು ಕಟ್ಟಿಕೊಟ್ಟ. ಹುದುಗು ಬರಿಸಲು ಬೇಕರಿಯಿಂದ ಈಸ್ಟ್ ತಂದೆ. ರಾಗಿನೀರು ಸೋಸಿ, ನೆಲಬೇವು ಹಾಕಿ ಕುದಿಸಿ, ಆರಿಸಿ, ಈಸ್ಟ್ ಬೆರೆಸಿ ಈ ಜಾಡಿಗೆ ತುಂಬಿ ಬಚ್ಚಲಿನ ಮೂಲೆಯಲ್ಲಿಟ್ಟೆ. ಮಾರನೆಯ ದಿನ ಅದು ಗುಳುಗುಳು ಎನ್ನತೊಡಗಿತು. ನಂಬುತ್ತೀರೋ ಇಲ್ಲವೋ, ಆ ಶಬ್ದ ಕೇಳಿ ನನಗೆ ಮನೆಯಲ್ಲಿ ಇನ್ನೊಂದು ಜೀವ ಇದೆ ಅನ್ನಿಸಿ ಸಂತೋಷವಾಯಿತು.

ರುಚಿಯ ವಿಷಯ ಕೇಳಬೇಡಿ. ಮೊದಲ ಗುಟುಕಿಗೇ, ಮಲೇರಿಯಾ ಇದ್ದಿದ್ದರೆ ಅವತ್ತೇ ಬಿಟ್ಟುಹೋಗುತ್ತಿತ್ತು. ಆದರೂ ವಾಸನೆ ಮಾತ್ರ ಅದೇ. ಆ ವಾಸನೆಗಾಗಿ ಮತ್ತೆ ಮತ್ತೆ ಮಾಡಿದೆ.

ಮಾಡುವುದು ಸುಲಭ, ಸ್ವಾಮಿ. ಕಷ್ಟ ಇರುವುದು ಆಮೇಲೆ. ತಿಳಿಯನ್ನು ರಬ್ಬರ್ ಕೊಳವೆಯಿಂದ ಸೀಸೆಗೆ ಇಳಿಸಿದರೆ ಜಾಡಿಯ ತಳದಲ್ಲಿ ದಪ್ಪಗೆ, ಕೆಂಚಗೆ, ಹುಳಿಹುಳಿ ನಾರುವ ಗಸಿ ನಿಲ್ಲುತ್ತದೆ. ಅದರ ಜೊತೆ ಸೋಸಿದ ರಾಗಿಯ ಹೊಟ್ಟು ಬೇರೆ. ಮನೆಯಲ್ಲಿ ಇಂಥದ್ದನ್ನು ಮಾಡುವುದಕ್ಕೆ ಕಾನೂನಿನ ಒಪ್ಪಿಗೆ ಇರಲಿಲ್ಲ, ನಮ್ಮಪ್ಪನ ಒಪ್ಪಿಗೆ ಅಂತೂ ಮೂರು ಜನ್ಮಕ್ಕೂ ಇರಲಿಲ್ಲ. ಮೊದಲ ಸಲ ಬಚ್ಚಲಿಗೆ ಸುರಿದೆ. ಆಗ ಬೀದಿಯಲ್ಲಿ ತೆರೆದ ಮೋರಿ. ನಾನು ಸುರಿದದ್ದು ನೊರೆ ಎಬ್ಬಿಸಿಕೊಂಡು ಮೆರವಣಿಗೆ ಹೊರಟ ಹಾಗೆ ಎಲ್ಲರ ಮನೆ ಮುಂದೆಯೂ ಹಾದುಹೋಯಿತು. ಎದುರುಮನೆಯವರು "ಯಾರ ಮನೇಲೋ ದೋಸೆಹಿಟ್ಟು ಕೆಟ್ಟಿದೆ" ಎಂದು ದಿನವಿಡೀ ಮರುಗಿದರು. ಎರಡನೆಯ ಸಲ ಹಿತ್ತಲಲ್ಲಿ ಗುಂಡಿ ತೋಡಿ ಹೂತೆ. ಬೆಳಗಾಗುವಷ್ಟರಲ್ಲಿ ಇಡೀ ಬಡಾವಣೆಯ ಇರುವೆಗಳು ಸಾಲುಗಟ್ಟಿ ಬಂದು, ಹೂತ ಜಾಗವನ್ನು ಗೆರೆ ಎಳೆದು ತೋರಿಸಿದ್ದವು.

ಮೂರನೆಯ ಸಲ ತಲೆ ಓಡಿಸಿದೆ. ಟಿಫಿನ್ ಕ್ಯಾರಿಯರಿನಲ್ಲಿ ಗಸಿ ತುಂಬಿ ಸೈಕಲ್ಲಿಗೆ ನೇತುಹಾಕಿಕೊಂಡು, ದಾರಿಯಲ್ಲಿ ಬಯಲು ಸಿಕ್ಕಲ್ಲಿ ಚೆಲ್ಲಿಬಿಡುವುದು. ಆದರೆ ಬಯಲು ಸಿಕ್ಕಲ್ಲೆಲ್ಲ ಯಾರೋ ಒಬ್ಬರು ಸೈಟು ನೋಡುತ್ತ ನಿಂತಿರುತ್ತಿದ್ದರು. ಚೆಲ್ಲಲಾಗದೆ ಕಾರ್ಖಾನೆಯ ಗೇಟಿಗೇ ಬಂದೆ. ಬಿಸಿಲಿಗೆ ಒಳಗಿನ ಈಸ್ಟಿಗೆ ಉತ್ಸಾಹ ಬಂದಿತ್ತು. ಮುಚ್ಚಳ ಎದ್ದು ನೊರೆ ಸೈಕಲ್ಲಿನ ಚಕ್ರದ ಮೇಲೆ ಇಳಿಯುತ್ತಿತ್ತು. ಕಾವಲಿನವನು ಸೆಲ್ಯೂಟ್ ಹೊಡೆದು, "ಸಾರ್, ನಿಮ್ಮ ಊಟ ಉಕ್ತಾ ಇದೆ" ಎಂದ. "ಹೂಂ, ಬಿಸಿ ಇದೆ" ಎಂದೆ. ಇನ್ನೇನು ಹೇಳಲಿ? ಆದರೂ ಬೇರೆ ದಾರಿ ಕಾಣದೆ ಕೆಲವು ದಿನ ಹಾಗೇ ನಡೆಸಿದೆ. ಸಂಜೆ ಕ್ಯಾರಿಯರ್ ಹಿಡಿದು ಹೊರಡುವುದು, ಜನ ಇಲ್ಲದ ಕಡೆ ಹುಡುಕಿ ಸುರಿಯುವುದು, ತೊಳೆದುಕೊಂಡು ಬರುವುದು.

ಇದನ್ನೆಲ್ಲ ಕೆಂಪಮ್ಮ ನೋಡುತ್ತಲೇ ಇದ್ದರು. ಒಂದು ದಿನ ನಾನು ಕ್ಯಾರಿಯರ್ ತೂಗುಹಾಕುವಾಗ ಬಂದು ನಿಂತರು. "ಇಂಜಿನೇರಪ್ಪಾ, ಸೋಸಿದ್ ಚರಟನೆಲ್ಲ ಕಂಡೋರ ಬಯ್ಲಿಗೆ ಯಾಕಪ್ಪಾ ಹಾಕ್ತೀಯ? ನಮ್ ತಿಪ್ಪೆ ಏನ್ ಪಾಪ ಮಾಡಿತ್ತು?" ಎಂದರು. ಸಿಕ್ಕಿಬಿದ್ದೆ ಅಂದುಕೊಂಡೆ. ಆದರೆ ಆಕೆಯ ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದದ್ದು ಕನಿಕರ. "ನಾನೇನೂ ಕೇಳಲ್ಲ. ನಿನ್ ಕಷ್ಟ ನಿನ್ಗೆ. ತಿಪ್ಪೆಗ್ ಹಾಕು, ಮ್ಯಾಲೊಂದ್ ಮಂಕರಿ ಸಗಣಿ ಹಾಕ್ತೀನಿ, ಯಾರ್ಗೂ ಕಾಣಲ್ಲ" ಎಂದರು. ದೇವರು ಪ್ರತ್ಯಕ್ಷನಾದರೂ ನನಗೆ ಅಷ್ಟು ಸಮಾಧಾನ ಆಗುತ್ತಿರಲಿಲ್ಲ. ಅಂದಿನಿಂದ ಗಸಿ ತಿಪ್ಪೆಗೆ ಹೋಯಿತು, ಕ್ಯಾರಿಯರಿಗೆ ಮತ್ತೆ ನನ್ನ ಊಟ ಬಂತು. ತಿಪ್ಪೆಯ ಅಂಚಿನ ಸೋರೆಬಳ್ಳಿಗೆ ಏನಾಯಿತೋ, ಎತ್ತಿನ ಕೊಟ್ಟಿಗೆಯ ಸೂರು ಹತ್ತಿ, ಅಲ್ಲಿಂದ ನನ್ನ ಕಿಟಕಿಗೂ ಇಣುಕಿತು.

ಅಲ್ಲಿಂದ ಕೆಂಪಮ್ಮನವರ ಉಪಚಾರ ಶುರುವಾಯಿತು. ಒಂದು ದಿನ ಹರಳೆಣ್ಣೆ ಕೊಟ್ಟು "ನೆತ್ತಿಗೆ ದಿನಾ ಹಾಕ್ಬೇಕು ಕಣಪ್ಪ, ತಂಪು" ಎಂದರು. ದೊಡ್ಡವರ ಮಾತು ಎಂದು ದಿನವೂ ನನ್ನ ನೆತ್ತಿಗೆ ಹಾಕಿಕೊಂಡೆ. ಕಾರ್ಖಾನೆಯಲ್ಲಿ ನಕ್ಷೆಯ ಮೇಲೆ ಬಗ್ಗಿದರೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ಇನ್ನೊಂದು ದಿನ ಬಜೆ ಬೇರು ಕೊಟ್ಟು ತೇಯ್ದು ನೆಕ್ಕಿಸಲು ಹೇಳಿದರು. ನಾನೇ ನೆಕ್ಕಿದೆ. "ಹುಳಿ ಬಂದದ್ ಕೊಡಬ್ಯಾಡ, ಎಳೇ ಹೊಟ್ಟೆ ತಡೆಯಲ್ಲ" ಎಂದಾಗ, ಇಪ್ಪತ್ತಾರು ವರ್ಷದ ನನ್ನ ಹೊಟ್ಟೆಯನ್ನು ಎಳೆಯದು ಅನ್ನುವವರೂ ಇದ್ದಾರಲ್ಲ ಎಂದು ಹಿಗ್ಗಿದೆ. ಆಮೇಲೆ ಹಳೆಯ ಸೀರೆ ಹರಿದು ಮಾಡಿದ ಮೆತ್ತನೆಯ ತುಂಡುಗಳನ್ನು ತಂದರು. "ಎಷ್ಟಿದ್ರೂ ಸಾಲಲ್ಲ ಇವು, ಇಟ್ಕೊ" ಎಂದರು. ಬಿಯರ್ ಸೋಸಲು ಅದಕ್ಕಿಂತ ಒಳ್ಳೆಯ ಬಟ್ಟೆ ಎಲ್ಲಿ ಸಿಕ್ಕೀತು? ಸೋಸಿ, ಒಗೆದು, ಹಿತ್ತಲಿನ ಹಗ್ಗದ ಮೇಲೆ ಸಾಲಾಗಿ ಒಣಹಾಕಿದೆ.

ನಿಮಗೆ ಇಷ್ಟು ಹೊತ್ತಿಗೆ ಗೊತ್ತಾಗಿರಬೇಕು. ನನಗೆ ಗೊತ್ತಾಗಲಿಲ್ಲ. ಜರ್ಮನಿಯಲ್ಲಿ ತರಬೇತಿ ಪಡೆದ ಮೇಧಾವಿ ನೋಡಿ ನಾನು.

ಆ ಸೀಮೆಯಲ್ಲಿ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಕುಟ್ಟಿ, ಬಟ್ಟೆಯಲ್ಲಿ ಸೋಸುವುದು ಯಾಕೆ? ಎಳೆಗೂಸಿಗೆ ರಾಗಿಸರಿ ಮಾಡುವುದಕ್ಕೆ. ಮದುವೆಯಿಲ್ಲದ ಗಂಡಸು ಗುಟ್ಟಾಗಿ ರಾಗಿ ಮೊಳಕೆ ಕಟ್ಟುತ್ತಾನೆ, ಸೋಸುತ್ತಾನೆ, ಕ್ಯಾರಿಯರಿನಲ್ಲಿ ತುಂಬಿಕೊಂಡು ಎಲ್ಲಿಗೋ ಹೋಗುತ್ತಾನೆ, ಖಾಲಿ ಮಾಡಿಕೊಂಡು ಬರುತ್ತಾನೆ. ಈಗ ಹಗ್ಗದ ಮೇಲೆ ಮೆತ್ತನೆಯ ತುಂಡುಬಟ್ಟೆ ಬೇರೆ. ಕೆಂಪಮ್ಮನವರ ಲೆಕ್ಕದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ತಾಯಿಯನ್ನು ಕಳೆದುಕೊಂಡ ನನ್ನ ಕೂಸೊಂದು ಎಲ್ಲೋ ಬೆಳೆಯುತ್ತಿದೆ, ನಾಚಿಕೆಗೋ ಭಯಕ್ಕೋ ನಾನು ಹೇಳುತ್ತಿಲ್ಲ, ಇವತ್ತಲ್ಲ ನಾಳೆ ಅದನ್ನು ಈ ಹಿತ್ತಲಿಗೆ ಕರೆತಂದೇ ತರುತ್ತೇನೆ. ಇದು ಆಕೆ ಮನಸ್ಸಿನಲ್ಲಿ ಕಟ್ಟಿಕೊಂಡ ಕತೆ. ಕಟ್ಟಿಕೊಂಡು ಕಾಯುತ್ತಿದ್ದರು.

ಇದೇ ಹೊತ್ತಿಗೆ ನನಗೆ ಗಿರಿಜಾಳ ಸಂಬಂಧ ಬಂದಿತ್ತು. ದಾವಣಗೆರೆಗೆ ಹೋಗಿ ನೋಡಿ ಬಂದಿದ್ದೆ. ಉಪ್ಪಿಟ್ಟಿನ ತಟ್ಟೆ ಕೊಡುವಾಗ ಅವಳು ತಲೆ ತಗ್ಗಿಸದೆ, "ಅಲ್ಲಿ ಒಬ್ಬರೇ ಊಟಕ್ಕ ಏನ್ ಮಾಡ್ಕೋತಿದ್ರಿ?" ಎಂದು ಕೇಳಿದ್ದಳು. ಜರ್ಮನಿಯಿಂದ ಬಂದವನನ್ನು ಎಲ್ಲರೂ ಹಡಗಿನ ಬಗ್ಗೆ, ಹಿಮದ ಬಗ್ಗೆ ಕೇಳಿದ್ದರು. ಊಟದ ಬಗ್ಗೆ ಕೇಳಿದವಳು ಅವಳೊಬ್ಬಳೇ. ನಾನು ಅಲ್ಲೇ ಸೋತೆ. ಇವಳಲ್ಲದಿದ್ದರೆ ಬೇರೆ ಯಾರೂ ಬೇಡ ಅನ್ನುವಷ್ಟು ಸೋತೆ. ಅವಳ ತಂದೆ ಚನ್ನಬಸಪ್ಪನವರು ಶೇಂಗಾ ಮಂಡಿ ಇಟ್ಟವರು, ಹಣೆ ತುಂಬ ವಿಭೂತಿ. ಕಾಳು ಹಿಡಿಯದೆ ಮೂಟೆ ಕೊಂಡವರಲ್ಲ. "ವಿಚಾರ ಮಾಡಿ ಹೇಳ್ತೀವ್ರಿ" ಎಂದಿದ್ದರು.

ವಿಚಾರ ಮಾಡುವುದಕ್ಕೆ ಹೇಳದೆ ಕೇಳದೆ ಬೆಂಗಳೂರಿಗೇ ಬಂದರು. ನಾನು ಕಾರ್ಖಾನೆಯಲ್ಲಿದ್ದೆ. ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದು, "ಹಿಂದಿನ ಮನೆ ಹುಡುಗ ಹೆಂಗ್ರೀ ತಾಯಿ?" ಎಂದು ಕೆಂಪಮ್ಮನವರನ್ನು ಕೇಳಿದರು. ಹೆಣ್ಣಿನ ಕಡೆಯವರು ಅಂತ ಗೊತ್ತಾದದ್ದೇ ಆಕೆಗೆ ಹಿಗ್ಗು. ಆ ಕೂಸಿಗೆ ಒಬ್ಬಳು ತಾಯಿ ಬರುವ ಕಾಲ ಬಂತಲ್ಲ ಎಂದು, ಪಾಪ, ನನ್ನ ಪರವಾಗಿ ಇರುವ ಬಲವನ್ನೆಲ್ಲ ಹಾಕಿ ಹೇಳಿದರು. "ಉಡುಗ ಚಿನ್ನ ಕಣ್ರಪ್ಪಾ. ಸೇದಲ್ಲ, ಕುಡಿಯಲ್ಲ. ಇನ್ನು ಆ ಕೂಸ್ನಂತೂ ಹೆತ್ತವ್ಳಿಗಿಂತ ಚೆನ್ನಾಗಿ ನೋಡ್ಕೋತಾವ್ನೆ. ತಾನೇ ರಾಗಿ ಮೊಳಕೆ ಕಟ್ಟಿ, ತಾನೇ ಸರಿ ಮಾಡಿ, ತಾನೇ ಬಟ್ಟೆ ಒಗೀತಾನೆ. ಇಂಥ ಗಂಡು ಯಾವ ಸೀಮೇಲ್ ಸಿಕ್ಕಾನು?"

ನಾನು ಸೈಕಲ್ಲಿಳಿದಾಗ ಚನ್ನಬಸಪ್ಪನವರು ಜಗಲಿಯ ಮೇಲೆ ಮಂಡಿಯ ತಕ್ಕಡಿ ಕಲ್ಲಿನ ಹಾಗೆ ಕೂತಿದ್ದರು. ಗೌಡರು ಎತ್ತಿಗೆ ನೀರು ಕುಡಿಸುತ್ತ ಇತ್ತ ನೋಡುತ್ತಿದ್ದರು. ಕೆಂಪಮ್ಮನವರ ಮುಖದಲ್ಲಿ ಮಾತ್ರ ಹಬ್ಬ.

"ಕೂಸು ಎಲ್ಲೈತ್ರೀ?" ಎಂದರು ಚನ್ನಬಸಪ್ಪ.

"ಯಾವ ಕೂಸ್ರೀ?"

"ಅದನ್ನ ನನ್ನ ಕೇಳ್ತೀರೇನು?"

ಕೆಂಪಮ್ಮ ನಡುವೆ ಬಂದು, "ಇನ್ನೂ ಯಾಕಪ್ಪಾ ಮುಚ್ಚಿಡ್ತೀಯ? ದೊಡ್ಡೋರು, ಒಪ್ಕೋತಾರೆ. ಕರ್ಕೊಂಬಾ ಅದನ್ನ" ಎಂದು ರಾಗಿ, ಕ್ಯಾರಿಯರ್, ಬಟ್ಟೆ ಎಲ್ಲವನ್ನೂ ಒಂದೊಂದಾಗಿ ಎತ್ತಿ ಹೇಳಿದರು. ಆಗ ನನ್ನ ತಲೆಯೊಳಗೆ ಹರಳೆಣ್ಣೆಯೂ ಬಜೆ ಬೇರೂ ಮೆತ್ತನೆಯ ಸೀರೆತುಂಡುಗಳೂ ಒಟ್ಟಿಗೆ ಬೆಳಗಿದವು. ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು.

ನನ್ನ ಸ್ಥಿತಿ ಸ್ವಲ್ಪ ಯೋಚಿಸಿ. ಕೂಸು ಇದೆ ಅಂದರೆ ಗಿರಿಜಾ ಹೋದಳು. ಕೂಸಿಲ್ಲ ಅಂದರೆ, ಮತ್ತೆ ಇಷ್ಟು ರಾಗಿ ಯಾಕೆ, ಇಷ್ಟು ಬಟ್ಟೆ ಯಾಕೆ? ಬಿಯರಿಗೆ ಅಂದರೂ ಗಿರಿಜಾ ಹೋದಳು. ಆ ಕಡೆ ದರಿ, ಈ ಕಡೆ ಪುಲಿ. ಯಾವುದಾದರೂ ಒಂದಕ್ಕೆ ಬೀಳಲೇಬೇಕಾದರೆ ನಾನೇ ತೋಡಿದ್ದಕ್ಕೆ ಬೀಳುತ್ತೇನೆ ಎಂದು ಮನಸ್ಸು ಮಾಡಿದೆ. "ಬನ್ರಿ" ಎಂದು ಚನ್ನಬಸಪ್ಪನವರನ್ನು ತಿಪ್ಪೆಯ ಹತ್ತಿರ ಕರೆದುಕೊಂಡು ಹೋದೆ. ಗೌಡರ ಗುದ್ದಲಿ ಇಸಿದುಕೊಂಡು ಕೆಂಪಮ್ಮ ಮುಚ್ಚಿದ್ದ ಸಗಣಿಯನ್ನು ಪದರ ಪದರವಾಗಿ ಎಳೆದೆ. ಯಾರಿಗೂ ಕಾಣಬಾರದು ಎಂದು ತಿಂಗಳುಗಟ್ಟಲೆ ಒದ್ದಾಡಿ ಬಚ್ಚಿಟ್ಟದ್ದನ್ನು, ಕಾಣಲಿ ಎಂದು ನಾನೇ ಕೆದರಿದೆ. ನನಗಿದ್ದ ಸಾಕ್ಷಿ ಅದೊಂದೇ. ಹುಳಿವಾಸನೆ ಗಮ್ಮೆಂದು ಎದ್ದಿತು.

"ಇದು ಕೂಸಿನ ಸರಿ ಅಲ್ರೀ. ಬಿಯರಿನ ಗಸಿ. ನಾನೇ ಮಾಡ್ತೀನಿ" ಎಂದು ಒಳಗಿನಿಂದ ಜಾಡಿ, ಕೊಳವೆ, ನೆಲಬೇವು ಎಲ್ಲ ತಂದು ಮುಂದಿಟ್ಟೆ.

ಚನ್ನಬಸಪ್ಪನವರು ಶಲ್ಯದ ತುದಿಯಿಂದ ಮೂಗು ಮುಚ್ಚಿಕೊಂಡು ಜಾಡಿಯೊಳಗೆ ಇಣುಕಿದರು. ಆಮೇಲೆ ಶಲ್ಯ ತೆಗೆದು ಒಮ್ಮೆ ಮೂಸಿದರು. "ನಮ್ಮ ಎತ್ತಿಗೆ ಹೊಟ್ಟೆ ಉಬ್ಬರ ಬಂದ್ರ ಇಂಥದ್ದೇ ಕುಡಿಸ್ತೀವಿ" ಎಂದರು. "ಇದನ್ನ ಕುಡಿದ್ರ ಏನಾಗ್ತದ್ರೀ?"

"ಬೆಳಿಗ್ಗೆ ಹೊಟ್ಟೆ ನೋಯ್ತದ್ರೀ."

"ಮತ್ತ ಯಾಕ ಮಾಡ್ತೀರಿ?"

"ಒಬ್ಬನೇ ಇದೀನ್ರಿ. ಸಂಜೆ ಮನಿಗೆ ಬಂದ್ರ ಇದು ಗುಳುಗುಳು ಅಂತಿರ್ತದ. ಯಾರೋ ಅದಾರೆ ಅನ್ನಿಸ್ತದ" ಎಂದೆ. ಹೇಳುವಾಗ ನನಗೇ ಅಳು ಬಂತು. ಅವರು ರುಮಾಲು ಸರಿಮಾಡಿಕೊಂಡು ಮಾಗಡಿ ರಸ್ತೆಯ ಕಡೆಗೆ ನಡೆದುಬಿಟ್ಟರು.

ತಿರುಗಿ ನೋಡಿದರೆ ಕೆಂಪಮ್ಮ ಇನ್ನೂ ತಿಪ್ಪೆಯ ಹತ್ತಿರವೇ ನಿಂತಿದ್ದರು. "ಅಂಗಾದ್ರೆ ಕೂಸು ಇಲ್ವಾ?" ಎಂದರು.

"ಇಲ್ಲಮ್ಮಾ."

"ಎಲ್ಲೂ ಇಲ್ವಾ?"

ನಾನು ತಲೆ ಅಲ್ಲಾಡಿಸಿದೆ. ಬಿಯರ್ ಮಾಡಿದ್ದಕ್ಕೆ ಆಕೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಕೆದರಿದ್ದನ್ನು ಕೈಯಿಂದಲೇ ಮುಚ್ಚಿ, ಕೈ ತೊಳೆದು ಒಳಗೆ ಹೋದರು. ಸಂಜೆ ಗೌಡರು ಬಂದು ನನ್ನ ಪಕ್ಕ ಕೂತು, "ಕುಲಾವಿ ಹೊಲಿದಿದ್ಲು ಕಣಪ್ಪ" ಎಂದರು. ಕುಲಾವಿ ಅಂದರೆ ಗೊತ್ತಲ್ಲ, ಕೂಸಿನ ತಲೆಗೆ ಕಟ್ಟುವ ಟೋಪಿ. "ನಮ್ಮಲ್ಲಿ ಹುಟ್ಟಾಕ್ ಮುಂಚೆ ಕೂಸಿನ ಬಟ್ಟೆ ಹೊಲೀಬಾರ್ದು. ಹೆಂಗೂ ಹುಟ್ಟೈತಲ್ಲ ಅಂತ ಹೊಲಿದ್ಲು. ಈಗ ಇಲ್ದಿರೋ ಕೂಸಿಗ್ ಹೊಲ್ದುಬಿಟ್ನಲ್ಲ, ಏನ್ ಕೇಡೋ ಅಂತ ಪೆಟ್ಟಿಗೇಲಿಟ್ಟು ಕುಂತವ್ಳೆ."

ಹೆಣ್ಣು ತಪ್ಪಿಹೋದ ದುಃಖ ನನಗೆ ಆ ಹೊತ್ತಿಗೆ ಮರೆತೇಹೋಯಿತು ಅಂದರೆ ನೀವು ನಂಬಲಾರಿರಿ. ಆದರೂ ಹೇಳುತ್ತೇನೆ. ಜಾಡಿಯನ್ನು ತಿಕ್ಕಿ ತೊಳೆದು ಬಿಸಿಲಿಗಿಟ್ಟೆ. ಮತ್ತೆ ಬಿಯರ್ ಮಾಡಲಿಲ್ಲ. ಮಾಡಿದ್ದರೂ ಅದರ ಗುಳುಗುಳು ನನಗೆ ಕೇಳಲಾಗುತ್ತಿರಲಿಲ್ಲ.

ಮಂಡಿಯವರಿಂದ ಉತ್ತರ ಬರುವುದಿಲ್ಲ ಎಂದುಕೊಂಡಿದ್ದೆ. ಒಂದು ಭಾನುವಾರ ಜಟಕಾ ಬಂದು ನಿಂತಿತು. ಇಳಿದದ್ದು ಚನ್ನಬಸಪ್ಪ, ಅವರ ಹೆಂಡತಿ, ಹಿಂದೆ ಗಿರಿಜಾ. ಸೈಟು ನೋಡಲು ಬಂದವರ ಹಾಗೆ ಅವಳು ಸುತ್ತ ಕಣ್ಣಾಡಿಸಿ, ನೆಟ್ಟಗೆ ಹಿತ್ತಲಿಗೆ ಹೋಗಿ, ಸೋರೆಬಳ್ಳಿಯ ಎದುರು ನಿಂತಳು. "ಇದೇ ಏನು ಆ ತಿಪ್ಪೆ?" ಎಂದಳು. ಲೋಕದಲ್ಲಿ ಗಂಡು ಹೆಣ್ಣು ನೋಡುವ ಶಾಸ್ತ್ರ ಇದೆ. ನಮ್ಮದರಲ್ಲಿ ಹೆಣ್ಣು ಬಂದು ತಿಪ್ಪೆ ನೋಡುವ ಶಾಸ್ತ್ರವೂ ಆಯಿತು.

ಮನೆಯಲ್ಲಿ ಏನು ನಡೆದಿತ್ತು ಅನ್ನುವುದನ್ನು ಮದುವೆಯಾದ ಮೇಲೆ ಅತ್ತೆ ಹೇಳಿದರು. ಮಾವನವರು ಈ ಸಂಬಂಧ ಬೇಡ ಎಂದುಕೊಂಡೇ ದಾವಣಗೆರೆಗೆ ಮರಳಿದ್ದರಂತೆ. ಗಿರಿಜಾ ಎಲ್ಲವನ್ನೂ ಕೇಳಿಸಿಕೊಂಡು, "ಕೂಸು ಬಚ್ಚಿಟ್ಟೋನು ತಿಪ್ಪೆ ಕೆದರಿ ತೋರಿಸ್ತಿದ್ನೇನಪ್ಪಾಜಿ? ಕುಡುಕ ಆಗಿದ್ರ ತಳದಾಗಿನ ಗಸಿನೂ ಬಿಡ್ತಿರಲಿಲ್ಲ" ಎಂದಳಂತೆ. ಮಾವನವರು, ಜಾಡಿಗೆ ಉಪ್ಪಿನಕಾಯಿ ಹಾಕಬೇಕು ಅನ್ನುವ ಷರತ್ತಿನ ಮೇಲೆ ಒಪ್ಪಿದರು.

ಗಿರಿಜಾ ಆ ಒಂದು ಕೋಣೆಗೇ ಬಂದಳು. ಕೆಂಪಮ್ಮ ಅವಳಿಗೆ ಮುದ್ದೆ ತಿರುವುವುದು ಕಲಿಸಿದರು, ಅವಳು ಅವರಿಗೆ ರೊಟ್ಟಿ ಬಡಿಯುವುದು ಕಲಿಸಿದಳು. ಅವಳು ಬಸುರಿಯಾದಾಗ ಕೆಂಪಮ್ಮ ದಿನಕ್ಕೊಂದು ತಿಂಡಿ ಮಾಡಿ ತಂದರೇ ಹೊರತು ಕೂಸಿನ ಮಾತು ಎತ್ತಲಿಲ್ಲ. ಒಂದು ಸಲ ಸುಟ್ಟುಕೊಂಡವರು. ಪೆಟ್ಟಿಗೆಯ ಬೀಗ ಬೀಗವಾಗಿಯೇ ಇತ್ತು.

ಬಾಣಂತನ ಮುಗಿಸಿ, ಐದು ತಿಂಗಳ ಮಗಳನ್ನು ಎತ್ತಿಕೊಂಡು ಗಿರಿಜಾ ತವರಿನಿಂದ ಬಂದಳು. ಕೆಂಪಮ್ಮ ಆರತಿ ಎತ್ತಿ, ದೃಷ್ಟಿ ತೆಗೆದು, ಕೂಸನ್ನು ಇಸಿದುಕೊಂಡು ಮಡಿಲಲ್ಲಿಟ್ಟುಕೊಂಡು ಕೂತರು. ಮೊಳಕೆ ರಾಗಿ ಆಗಲೇ ಒಣಗಿಸಿ ಬೀಸಿಟ್ಟಿದ್ದರು. ಗಿರಿಜಾ ಮೊದಲ ಸರಿಗೆ ಅದನ್ನು ಅದೇ ಸೀರೆತುಂಡಿನಲ್ಲಿ ಸೋಸಿದಳು. ಬಟ್ಟೆಯಲ್ಲಿ ಚರಟ ಉಳಿಯಿತು. ಆಗ ಮೊಟ್ಟಮೊದಲ ಸಲ ಅವಳು ನನ್ನ ಮುಖ ನೋಡಿ, ನಗು ತಡೆದುಕೊಂಡು, "ಇದನ್ನ ಎಲ್ಲಿ ಹಾಕ್ಲಿ, ಹೇಳ್ರಿ" ಎಂದಳು. ನಾನೇ ತಗೊಂಡು ಹೋಗಿ ತಿಪ್ಪೆಗೆ ಹಾಕಿ ಬಂದೆ. ಈ ಸಲ ಮೇಲೆ ಸಗಣಿ ಮುಚ್ಚಲಿಲ್ಲ.

ಬರುವಷ್ಟರಲ್ಲಿ ಪೆಟ್ಟಿಗೆ ತೆರೆದಿತ್ತು. ಕೆಂಪು ಹಳದಿ ತುಂಡುಗಳ ಕುಲಾವಿ ಕೆಂಪಮ್ಮನವರ ಕೈಯಲ್ಲಿತ್ತು. ಕೂಸಿನ ತಲೆಗೆ ಇಟ್ಟರೆ ಅದು ನೆತ್ತಿಯ ಮೇಲೆ ಕೂತಿತು, ಕಿವಿಯವರೆಗೂ ಬರಲಿಲ್ಲ. ಅಯ್ಯೋ, ಇದೂ ತಪ್ಪಿತಲ್ಲ ಅಂದುಕೊಂಡೆ. ಕೆಂಪಮ್ಮ ಮಾತ್ರ ಅದನ್ನು ಒಳಮಗ್ಗುಲಿಗೆ ತಿರುವಿ ತೋರಿಸಿದರು. ಹೊಲಿಗೆಯ ಒಳಗೆ ಸುತ್ತಲೂ ಎರಡು ಬೆರಳಿನಷ್ಟು ಬಟ್ಟೆ ಮಡಿಚಿ ಬಿಟ್ಟಿದ್ದರು. "ಬೆಳಿಯೋ ಕೂಸಿಗೆ ಅಂತ ಬಿಟ್ಟೇ ಹೊಲ್ದಿದ್ದೆ" ಎಂದು ಹಲ್ಲಿನಿಂದ ದಾರ ಕಡಿದು ಹೊಲಿಗೆ ಬಿಚ್ಚಿ, ಅಲ್ಲೇ ಕೂತು ಮತ್ತೆ ಹಾಕಿದರು. ಈಗ ಸರಿಯಾಗಿ ಕೂತಿತು. ಗದ್ದದ ಕೆಳಗೆ ಗಂಟು ಹಾಕಿದರು.

ಗಿರಿಜಾ ಛೇಡಿಸುತ್ತ, "ಅಲ್ರೀ ಅಮ್ಮಾ, ಹುಟ್ಟೂಕಿಂತ ಮುಂಚೆ ಹೊಲೀಬಾರ್ದು ಅಂತಾರೆ. ನೀವು ನಮ್ಮ ಮದುವಿಗಿಂತ ಮುಂಚೇನೇ ಹೊಲಿದೀರಲ್ರೀ" ಎಂದಳು.

ಕೆಂಪಮ್ಮ ಕೂಸಿನ ಮೇಲಿಟ್ಟ ಕಣ್ಣು ತೆಗೆಯಲಿಲ್ಲ.

"ಅಂತಾರೆ ಬುಡವ್ವಾ" ಎಂದರು. "ನಾನ್ ಹೊಲ್ದಿಟ್ಟಿದ್ನಲ್ಲ, ಅದ್ಕೇ ಬಂದವ್ಳೆ ಇವ್ಳು."